ಇಂಗ್ಲಿಷಿನ ಜೋಡಿ ವಾಕ್ಯದಲ್ಲಿ ಕಾಮಾ ಎಲ್ಲಿ ಹಾಕಬೇಕು?

ಮೊದಲು ಈ ಇಂಗ್ಲಿಷ್ ವಾಕ್ಯವನ್ನು ಒಂದೇ ಓಟದಲ್ಲಿ ಓದಿ ನೋಡಿ. 'ದಿ ಟೀಚರ್ ಪ್ರೇಯ್ಸ್ಡ್ ದಿ ಗರ್ಲ್ ಆ್ಯಂಡ್ ದಿ ಬಾಯ್ ಸ್ಟಾರ್ಟೆಡ್ ಟು ಕ್ರೈ.'

ಟೀಚರ್ ಯಾರನ್ನು ಹೊಗಳಿದರು? 'ಗರ್ಲ್ ಆ್ಯಂಡ್ ದಿ ಬಾಯ್' ತನಕ ಬಂದಾಗ ಇಬ್ಬರನ್ನೂ ಹೊಗಳಿದರು ಅಂತಲೇ ಅನಿಸುತ್ತದೆ. ಮುಂದೆ 'ಸ್ಟಾರ್ಟೆಡ್' ಅನ್ನುವ ಪದ ಸಿಕ್ಕ ಕೂಡಲೇ ಲೆಕ್ಕ ತಪ್ಪುತ್ತದೆ. ಅಯ್ಯೋ, ಹೊಗಳಿದ್ದು ಹುಡುಗಿಯನ್ನು ಮಾತ್ರ, ಹುಡುಗ ಅಳೋಕೆ ಶುರು ಮಾಡಿದ್ದಾನೆ! ಕಣ್ಣು ಹಿಂದಕ್ಕೆ ಹೋಗಿ ಇನ್ನೊಂದು ಸಲ ಓದುತ್ತದೆ. ಈಗ 'ಗರ್ಲ್' ಆದ ಮೇಲೆ ಒಂದು ಕಾಮಾ ಇಡಿ. 'ದಿ ಟೀಚರ್ ಪ್ರೇಯ್ಸ್ಡ್ ದಿ ಗರ್ಲ್, ಆ್ಯಂಡ್ ದಿ ಬಾಯ್ ಸ್ಟಾರ್ಟೆಡ್ ಟು ಕ್ರೈ.' ಎಡವುವ ಮಾತೇ ಇಲ್ಲ. ಹುಡುಗ ಬರುವ ಮುಂಚೆಯೇ ಕಾಮಾ ನಮಗೆ ತಿಳಿಸಿಬಿಟ್ಟಿರುತ್ತದೆ: ಒಂದು ಮಾತು ಮುಗಿಯಿತು, ಈಗ ಇನ್ನೊಂದು ಶುರು.

ಜೋಡಿ ವಾಕ್ಯದಲ್ಲಿ ಕಾಮಾ ಮಾಡುವ ಕೆಲಸ ಇದೇ.

ನಾನು ದಿನವೂ ಬೇರೆಯವರು ಬರೆದ ಇಂಗ್ಲಿಷನ್ನು ತಿದ್ದುವ ಕೆಲಸ ಮಾಡುತ್ತೇನೆ. ಕಾಗುಣಿತದ ತಪ್ಪು ಈಗ ಅಷ್ಟಾಗಿ ಸಿಗುವುದಿಲ್ಲ, ಅದನ್ನು ಕಂಪ್ಯೂಟರೇ ಹಿಡಿದು ತೋರಿಸುತ್ತದೆ. ಕಾಮಾ ವಿಷಯದಲ್ಲಿ ಮಾತ್ರ ಚೆನ್ನಾಗಿ ಓದಿದವರೂ ಅಂದಾಜಿನ ಮೇಲೆ ನಡೆಯುತ್ತಾರೆ. ಯಾಕೆ ಇಲ್ಲಿ ಹಾಕಿದಿರಿ ಅಂತ ಕೇಳಿದರೆ ಬಹಳ ಜನ ಕೊಡುವ ಉತ್ತರ ಒಂದೇ: 'ಅಲ್ಲಿ ಸ್ವಲ್ಪ ನಿಲ್ಲಿಸಬೇಕು ಅನಿಸ್ತು.' ಉಸಿರು ತೆಗೆದುಕೊಳ್ಳುವ ಕಡೆ ಕಾಮಾ ಹಾಕು ಅಂತ ಚಿಕ್ಕಂದಿನಲ್ಲಿ ನನಗೂ ಹೇಳಿಕೊಟ್ಟಿದ್ದರು. ವರ್ಷಗಟ್ಟಲೆ ಅದನ್ನೇ ನಂಬಿದ್ದೆ.

ಆ ಮಾತು ಪೂರ್ತಿ ಸುಳ್ಳೇನೂ ಅಲ್ಲ, ತುಂಬಾ ಹಳೆಯದು ಅಷ್ಟೆ. ಸುಮಾರು 2,200 ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಬೈಜಾಂಟಿಯಂನ ಅರಿಸ್ಟೋಫನೀಸ್ ಎಂಬ ವಿದ್ವಾಂಸ ಇದ್ದ. ಆಗ ಗ್ರೀಕರು ಪದಗಳ ನಡುವೆ ಜಾಗ ಬಿಡದೆ ಸಾಲಾಗಿ ಬರೆಯುತ್ತಿದ್ದರು. ಗಟ್ಟಿಯಾಗಿ ಓದಿ ಹೇಳುವವರಿಗೆ ಅನುಕೂಲವಾಗಲಿ ಅಂತ ಅವನು ಮೂರು ಎತ್ತರಗಳಲ್ಲಿ ಚುಕ್ಕಿ ಇಡುವ ಪದ್ಧತಿ ತಂದ. ಕಡಿಮೆ ಹೊತ್ತು ನಿಲ್ಲಿಸುವ ತುಂಡಿಗೆ 'ಕೊಮ್ಮಾ' ಅಂತ ಹೆಸರು. ಆ ಪದದ ಅರ್ಥವೇ 'ಕತ್ತರಿಸಿದ ತುಂಡು'. ಅಂದರೆ ಆಗ ಚುಕ್ಕಿ ಇಡುತ್ತಿದ್ದುದು ಬಾಯಿಗಾಗಿ. ಮುಂದೆ ಅಚ್ಚಿನ ಪುಸ್ತಕ ಬಂತು, ಜನ ಮನಸ್ಸಿನಲ್ಲೇ ಓದುವುದು ಹೆಚ್ಚಾಯಿತು. 1490ರ ದಶಕದಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಶಿಯಸ್‌ನ ಅಚ್ಚುಕೂಟದಿಂದ ಇವತ್ತಿನ ರೂಪದ ಸೆಮಿಕೋಲನ್ ಹೊರಬಂತು. ನಿಧಾನವಾಗಿ ಈ ಗುರುತುಗಳು ಉಸಿರಿನ ಲೆಕ್ಕ ಬಿಟ್ಟು ವಾಕ್ಯದ ಕಟ್ಟಡವನ್ನು ತೋರಿಸತೊಡಗಿದವು. ನಾವು ಇನ್ನೂ ಹಳೆಯ ಪಾಠವನ್ನೇ ಹಿಡಿದು ಕೂತಿದ್ದೇವೆ.

ಉಸಿರಿನ ನಿಯಮದ ತೊಂದರೆ ಏನು ಗೊತ್ತಾ? ನಿಮ್ಮ ಉಸಿರು ಬೇರೆ, ನನ್ನ ಉಸಿರು ಬೇರೆ. ಅದನ್ನು ಇಟ್ಟುಕೊಂಡು ಸರಿ ತಪ್ಪು ಹೇಳೋಕಾಗಲ್ಲ. ಇಂಗ್ಲಿಷಿಗೆ ಬೇರೆ ಪರೀಕ್ಷೆ ಬೇಕು.

ಆ ಪರೀಕ್ಷೆ ಹೀಗಿದೆ. 'ಆ್ಯಂಡ್', 'ಬಟ್' ಥರದ ಕೊಂಡಿ ಪದದ ಮೇಲೆ ಬೆರಳಿಡಿ. ಎಡಗಡೆಯ ಭಾಗವನ್ನು ಮಾತ್ರ ಓದಿ. ಅದು ತಾನಾಗಿಯೇ ಒಂದು ವಾಕ್ಯವಾಗಿ ನಿಲ್ಲುತ್ತದೆಯೇ? ಬಲಗಡೆಯದನ್ನು ಓದಿ. ಅದೂ ನಿಲ್ಲುತ್ತದೆಯೇ? ಎರಡೂ ನಿಂತರೆ ಕೊಂಡಿಯ ಮುಂಚೆ ಕಾಮಾ ಹಾಕಿ. ಬಲಗಡೆಯದು ನಿಲ್ಲದಿದ್ದರೆ ಬೇಡ. ನಿಲ್ಲುವುದು ಅಂದರೆ ಅದರಲ್ಲಿ ತನ್ನದೇ ಆದ ಕರ್ತೃ ಇರಬೇಕು, ಕ್ರಿಯಾಪದ ಇರಬೇಕು, ಮಾತು ಅರ್ಧಕ್ಕೆ ನೇತಾಡಬಾರದು. ನಮ್ಮ ವ್ಯಾಕರಣದಲ್ಲಿ ಸಂಯೋಜಿತ ವಾಕ್ಯ ಅಂತ ಓದಿದ್ದೇವಲ್ಲ, ಇದು ಅದೇ: ಎರಡು ಸ್ವತಂತ್ರ ವಾಕ್ಯಗಳ ಜೋಡಿ.

'ಐ ಕಾಲ್ಡ್ ಹರ್, ಬಟ್ ಶಿ ಡಿಡ್ ನಾಟ್ ಆನ್ಸರ್.' ಎಡಗಡೆ 'ಐ ಕಾಲ್ಡ್ ಹರ್', ನಿಲ್ಲುತ್ತದೆ. ಬಲಗಡೆ 'ಶಿ ಡಿಡ್ ನಾಟ್ ಆನ್ಸರ್', ಅದೂ ನಿಲ್ಲುತ್ತದೆ. ಕಾಮಾ ಬೇಕು.

'ಐ ಕಾಲ್ಡ್ ಹರ್ ಬಟ್ ಗಾಟ್ ನೋ ಆನ್ಸರ್.' ಬಲಗಡೆ 'ಗಾಟ್ ನೋ ಆನ್ಸರ್' ಮಾತ್ರ ಇದೆ. ಯಾರಿಗೆ? ಗೊತ್ತಿಲ್ಲ. ಎಡಗಡೆಯ 'ಐ' ಇಲ್ಲದೆ ಅದಕ್ಕೆ ಬದುಕಿಲ್ಲ. ಹಾಗಾಗಿ ಇದು ಎರಡು ವಾಕ್ಯಗಳ ಜೋಡಿಯಲ್ಲ, ಒಬ್ಬ ಕರ್ತೃ ಮಾಡಿದ ಎರಡು ಕೆಲಸ. ಕಾಮಾ ಬೇಡ.

ನನ್ನ ಕೈಗೆ ಬರುವ ಬರಹಗಳಲ್ಲಿ ಜಾಸ್ತಿ ಕಾಣುವ ತಪ್ಪು ಇಲ್ಲೇ ಆಗುವುದು. 'ಶಿ ಓಪನ್ಡ್ ದಿ ಡೋರ್, ಆ್ಯಂಡ್ ಕಾಲ್ಡ್ ಹರ್ ಬ್ರದರ್' ಅಂತ ಬರೆಯುತ್ತಾರೆ. ಕನ್ನಡ ಬಲ್ಲವರಿಗೆ ಈ ತಪ್ಪು ಸಲೀಸಾಗಿ ಬರುತ್ತದೆ, ಅದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ. 'ತಮ್ಮನನ್ನು ಕರೆದಳು' ಅನ್ನುವುದು ಕನ್ನಡದಲ್ಲಿ ಪೂರ್ತಿ ವಾಕ್ಯ. 'ಕರೆದಳು' ಪದದ ಕೊನೆಯ 'ಅಳು' ನೋಡಿ. ಕರೆದದ್ದು ಹೆಂಗಸು, ಒಬ್ಬಳೇ ಅನ್ನುವುದೆಲ್ಲ ಅದರಲ್ಲೇ ಇದೆ. 'ಬಂದೆ' ಅಂದರೆ ನಾನು, 'ಬಂದರು' ಅಂದರೆ ಅವರು. ಕರ್ತೃ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಇಂಗ್ಲಿಷಿನ 'ಕಾಲ್ಡ್' ಪದಕ್ಕೆ ಈ ಬಾಲ ಇಲ್ಲ. ನಾನು ಕರೆದರೂ ಕಾಲ್ಡ್, ನೀವು ಕರೆದರೂ ಕಾಲ್ಡ್, ಊರೆಲ್ಲ ಸೇರಿ ಕರೆದರೂ ಕಾಲ್ಡ್. ಹಾಗಾಗಿ 'ಕಾಲ್ಡ್ ಹರ್ ಬ್ರದರ್' ನಮ್ಮ ಕಿವಿಗೆ ಪೂರ್ತಿ ವಾಕ್ಯದಂತೆ ಕೇಳಿಸಿದರೂ ಇಂಗ್ಲಿಷಿನಲ್ಲಿ ಅದು ತಲೆಯಿಲ್ಲದ ವಾಕ್ಯ.

ಒಳ್ಳೆಯ ಸುದ್ದಿ ಅಂದರೆ, ಇದಕ್ಕೆ ಔಷಧವೂ ಕನ್ನಡದಲ್ಲೇ ಇದೆ. ಆ ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. 'ಅವಳು ಬಾಗಿಲು ತೆಗೆದು ತಮ್ಮನನ್ನು ಕರೆದಳು' ಅಂತೀರಿ. 'ತೆಗೆದು', 'ಮಾಡಿ', 'ಹೋಗಿ' ಅನ್ನುವ ರೂಪ ತಾನಾಗಿ ಬಾಯಿಗೆ ಬಂತು ಅಂದರೆ ಸಾಮಾನ್ಯವಾಗಿ ಎರಡೂ ಕೆಲಸ ಮಾಡಿದವರು ಒಬ್ಬರೇ. ಅಲ್ಲಿ ಇಂಗ್ಲಿಷಿಗೆ ಕಾಮಾ ಬೇಡ. ಅದೇ 'ಶಿ ಓಪನ್ಡ್ ದಿ ಡೋರ್, ಆ್ಯಂಡ್ ಹರ್ ಬ್ರದರ್ ರ್‍ಯಾನ್ ಇನ್' ಅನ್ನುವುದನ್ನು ಹೇಳಿ. 'ಅವಳು ಬಾಗಿಲು ತೆಗೆದಳು, ತಮ್ಮ ಒಳಗೆ ಓಡಿಬಂದ' ಅಂತೀರಿ. 'ತೆಗೆದು' ಇಲ್ಲಿ ಒಗ್ಗುವುದಿಲ್ಲ. ಎರಡು ಮುಗಿದ ಕ್ರಿಯಾಪದ, ಇಬ್ಬರು ಬೇರೆ ಬೇರೆ ಜನ. ಅಲ್ಲಿ ಕಾಮಾ ಬೇಕು. ಈ ಗುಟ್ಟು ನೂರಕ್ಕೆ ನೂರು ನಡೆಯುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 'ಮಳೆ ಬಂದು ನೆಲ ಒದ್ದೆಯಾಯಿತು' ಅಂತ ನಾವು ಹೇಳುತ್ತೇವೆ, ಅಲ್ಲಿ ಕರ್ತೃ ಎರಡು. ಹಾಗಾಗಿ ಅನುಮಾನ ಬಂದಾಗ ಬೆರಳಿಡುವ ಪರೀಕ್ಷೆಗೇ ವಾಪಸ್ ಬನ್ನಿ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಾಡಿದವರು ಒಬ್ಬರೇ ಆದರೂ ಕರ್ತೃವನ್ನು ಎರಡನೇ ಸಲ ಬರೆದರೆ ಅದು ಜೋಡಿ ವಾಕ್ಯ ಆಗಿಬಿಡುತ್ತದೆ. 'ಶಿ ಓಪನ್ಡ್ ದಿ ಡೋರ್, ಆ್ಯಂಡ್ ಶಿ ಕಾಲ್ಡ್ ಹರ್ ಬ್ರದರ್.' ಈಗ ಕಾಮಾ ಸರಿ. ಎಣಿಸಬೇಕಾದದ್ದು ಜನರನ್ನಲ್ಲ, ಕಾಗದದ ಮೇಲಿರುವ ಕರ್ತೃ ಪದಗಳನ್ನು. ಆಜ್ಞೆಯ ವಾಕ್ಯ ಮಾತ್ರ ಇದಕ್ಕೆ ಹೊರತು. 'ಕಾಲ್ ಮಿ ಟುಮಾರೋ, ಆ್ಯಂಡ್ ಐ ವಿಲ್ ಎಕ್ಸ್‌ಪ್ಲೇನ್' ಅಂದಾಗ ಎಡಗಡೆ ಕರ್ತೃ ಕಾಣುವುದಿಲ್ಲ, ಆದರೂ 'ಯು' ಒಳಗೇ ಅಡಗಿದೆ ಅಂತ ಲೆಕ್ಕ. ಹಾಗಾಗಿ ಕಾಮಾ ಬೇಕು.

ಕೊಂಡಿ ಪದಗಳು ಒಟ್ಟು ಏಳು: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಇವುಗಳ ಮೊದಲ ಅಕ್ಷರ ಸೇರಿಸಿ 'ಫ್ಯಾನ್‌ಬಾಯ್ಸ್' ಅಂತ ನೆನಪಿಡುತ್ತಾರೆ. ಎರಡು ಸ್ವತಂತ್ರ ವಾಕ್ಯಗಳನ್ನು ಬರೀ ಕಾಮಾದ ಜೊತೆ ಹಿಡಿದು ನಿಲ್ಲಿಸುವ ಶಕ್ತಿ ಇರುವುದು ಇವಕ್ಕೆ. 'ಫಾರ್' ಇಲ್ಲಿ 'ಯಾಕೆಂದರೆ' ಅನ್ನುವ ಅರ್ಥದಲ್ಲಿ ಬರುತ್ತದೆ, ಇವತ್ತಿನ ಮಾತಿನಲ್ಲಿ ಅಪರೂಪ. 'ನಾರ್' ಬಂದಾಗ ಪದಗಳ ಸಾಲು ತಿರುಗಿ 'ಹಿ ಡಿಡ್ ನಾಟ್ ಕಾಲ್, ನಾರ್ ಡಿಡ್ ಹಿ ರೈಟ್' ಅಂತಾಗುತ್ತದೆ. ಹಾಗೆ ತಿರುಗಿದರೂ ಅದು ಪೂರ್ತಿ ವಾಕ್ಯವೇ.

'ಸೋ' ಮಾತ್ರ ಸ್ವಲ್ಪ ಹುಷಾರಾಗಿ ನೋಡಬೇಕಾದ ಪದ. ಅದಕ್ಕೆ ಎರಡು ಮುಖ. 'ಐ ಲೆಫ್ಟ್ ಅರ್ಲಿ, ಸೋ ಐ ಕಾಟ್ ದಿ ಟ್ರೈನ್' ಅಂದರೆ ಬೇಗ ಹೊರಟೆ, ಹಾಗಾಗಿ ರೈಲು ಸಿಕ್ಕಿತು. ಆದ ಫಲ ಅದು. ಕಾಮಾ ಬೇಕು. 'ಐ ಲೆಫ್ಟ್ ಅರ್ಲಿ ಸೋ ಐ ಕುಡ್ ಕ್ಯಾಚ್ ದಿ ಟ್ರೈನ್' ಅಂದರೆ ರೈಲು ಹಿಡಿಯೋಣ ಅಂತ ಬೇಗ ಹೊರಟೆ. ಇದು ಉದ್ದೇಶ. ಸಿಕ್ಕಿತೋ ಇಲ್ಲವೋ ಈ ವಾಕ್ಯ ಹೇಳುವುದಿಲ್ಲ. ಇಲ್ಲಿ 'ಸೋ' ಅಂದರೆ 'ಸೋ ದಟ್', ಕಾಮಾ ಬೇಡ. ಕನ್ನಡದಲ್ಲಿ 'ಹಾಗಾಗಿ' ಬಂದರೆ ಕಾಮಾ, 'ಅಂತ' ಬಂದರೆ ಇಲ್ಲ. ಇಷ್ಟು ನೆನಪಿಟ್ಟರೆ ಸಾಕು.

ಕಾಮಾ ಕೊಂಡಿಯ ಮುಂಚೆ ಬರಬೇಕು, ಆಮೇಲೆ ಅಲ್ಲ. ಹೇಳಿದರೆ ಚಿಕ್ಕ ವಿಷಯ. ಆದರೆ 'ಐ ಕಾಲ್ಡ್ ಹರ್ ಬಟ್, ಶಿ ಡಿಡ್ ನಾಟ್ ಆನ್ಸರ್' ಅನ್ನುವ ವಾಕ್ಯವನ್ನು ನಾನು ವಾರಕ್ಕೆ ಹತ್ತು ಸಲವಾದರೂ ತಿದ್ದುತ್ತೇನೆ. ಇದೂ ಕನ್ನಡದಿಂದ ಬಂದ ಅಭ್ಯಾಸವೇ ಇರಬೇಕು. ನಾವು 'ಆದರೆ' ಅಂತ ಬರೆದು ಅದರ ಪಕ್ಕ ಕಾಮಾ ಇಡುತ್ತೇವೆ, ಅಲ್ವಾ? 'ಆದರೆ' ಅಂದು ಒಂದು ಕ್ಷಣ ನಿಲ್ಲುವುದು ನಮ್ಮ ಮಾತಿನ ಧಾಟಿ. ಇಂಗ್ಲಿಷಿನಲ್ಲಿ 'ಬಟ್' ಮುಂದಿನ ವಾಕ್ಯದ ಕೈ ಹಿಡಿದುಕೊಂಡು ಬರುತ್ತದೆ. ಅವೆರಡರ ನಡುವೆ ಕಾಮಾ ತೂರಿಸಬಾರದು. ವಾಕ್ಯವೇ 'ಬಟ್' ಅಂತ ಶುರುವಾದರೂ ಅಷ್ಟೆ, 'ಬಟ್ ಶಿ ಡಿಡ್ ನಾಟ್ ಆನ್ಸರ್' ಅಂತ ನೇರ ಬರೆಯಿರಿ.

ಇಲ್ಲಿಯವರೆಗೆ ಕೊಂಡಿ ಇದ್ದ ವಾಕ್ಯ ನೋಡಿದೆವು. ಕೊಂಡಿಯೇ ಇಲ್ಲದಿದ್ದರೆ? 'ಇಟ್ ವಾಸ್ ಲೇಟ್, ವಿ ವೆಂಟ್ ಹೋಮ್.' ಎರಡು ಸ್ವತಂತ್ರ ವಾಕ್ಯ, ನಡುವೆ ಬರೀ ಕಾಮಾ. ಇದಕ್ಕೆ ಕಾಮಾ ಸ್ಪ್ಲೈಸ್ ಅಂತ ಹೆಸರು. ಹಗ್ಗದ ಎರಡು ತುದಿಗಳನ್ನು ಹೆಣೆದು ಸೇರಿಸುವುದಕ್ಕೆ ಇಂಗ್ಲಿಷಿನಲ್ಲಿ ಸ್ಪ್ಲೈಸ್ ಅನ್ನುತ್ತಾರೆ. ಕಾಮಾಗೆ ಒಂಟಿಯಾಗಿ ಆ ಬಲ ಇಲ್ಲ. ಕನ್ನಡದಲ್ಲಿ 'ಹೊತ್ತಾಗಿತ್ತು, ಮನೆಗೆ ಹೋದೆವು' ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. 'ಹೊತ್ತಾಗಿತ್ತು' ಅನ್ನುವಲ್ಲಿ ಕ್ರಿಯಾಪದ ಬಂದು ಕೂತಿದೆ, ನಮ್ಮ ವಾಕ್ಯ ಸಾಮಾನ್ಯವಾಗಿ ಮುಗಿಯುವುದೇ ಕ್ರಿಯಾಪದದಲ್ಲಿ. ಮುಗಿಯಿತು ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ಅದರ ಹಿಂದೆ ಇನ್ನೂ ಎಷ್ಟು ಪದ ಬರುತ್ತದೋ ಹೇಳೋಕಾಗಲ್ಲ. ಹಾಗಾಗಿ ಮುಗಿದದ್ದನ್ನು ಗುರುತು ಹಾಕಿ ತೋರಿಸಬೇಕಾಗುತ್ತದೆ.

ಸರಿ ಮಾಡುವ ದಾರಿ ಹಲವು. ಫುಲ್‌ಸ್ಟಾಪ್ ಹಾಕಿ ಎರಡು ವಾಕ್ಯ ಮಾಡಬಹುದು. 'ಸೋ' ಸೇರಿಸಿ 'ಇಟ್ ವಾಸ್ ಲೇಟ್, ಸೋ ವಿ ವೆಂಟ್ ಹೋಮ್' ಅನ್ನಬಹುದು. ಎರಡೂ ಮಾತು ಹತ್ತಿರದ ನಂಟಿನವು ಅನಿಸಿದರೆ ಕಾಮಾ ತೆಗೆದು ಸೆಮಿಕೋಲನ್ ಇಡಬಹುದು. ನನಗೆ ಕೇಳಿದರೆ, ಅನುಮಾನ ಇದ್ದಾಗ ಫುಲ್‌ಸ್ಟಾಪ್ ಹಾಕಿ. ಚಿಕ್ಕ ವಾಕ್ಯದಿಂದ ಯಾರಿಗೂ ನಷ್ಟ ಆಗಿಲ್ಲ. ಕಾಮಾನೂ ಇಲ್ಲದೆ, ಕೊಂಡಿನೂ ಇಲ್ಲದೆ ಎರಡನ್ನು ಒತ್ತಟ್ಟಿಗೆ ಬರೆಯುವುದು ಇನ್ನೂ ಕೆಟ್ಟ ತಪ್ಪು, ಅದಕ್ಕೆ ರನ್ ಆನ್ ಅನ್ನುತ್ತಾರೆ.

ಹಾಗಾದರೆ ಸೀಸರ್‌ನ ಮಾತು? 'ಐ ಕೇಮ್, ಐ ಸಾ, ಐ ಕಾಂಕರ್ಡ್.' ಕ್ರಿಸ್ತಪೂರ್ವ 47ರಲ್ಲಿ ಜೇಲಾ ಯುದ್ಧ ಗೆದ್ದ ಮೇಲೆ ಲ್ಯಾಟಿನ್ನಿನಲ್ಲಿ ಹೇಳಿದನೆಂದು ಪ್ರಸಿದ್ಧವಾದ ಈ ಮಾತಿನಲ್ಲಿ ಕೊಂಡಿಯೇ ಇಲ್ಲ. ಮೂರೂ ತುಂಡು ಚಿಕ್ಕವು, ಒಂದೇ ಅಳತೆಯವು, ಒಂದರ ಬೆನ್ನಿಗೆ ಒಂದು ಬರುತ್ತವೆ. ಇಂಥ ಕಡೆ ಬರೀ ಕಾಮಾ ನಡೆಯುತ್ತದೆ. ಕತೆ ಬರೆಯುವವರು ಬೇಕಂತಲೇ ಹೀಗೆ ಬರೆಯುವುದೂ ಉಂಟು. ಅರ್ಜಿ, ವರದಿ, ಪರೀಕ್ಷೆಯ ಉತ್ತರದಲ್ಲಿ ಮಾತ್ರ ಬೇಡ.

ಚಿಕ್ಕ ವಾಕ್ಯಗಳಿಗೆ ಇನ್ನೊಂದು ರಿಯಾಯಿತಿಯೂ ಇದೆ. 'ಹಿ ಸ್ಯಾಂಗ್ ಆ್ಯಂಡ್ ಶಿ ಡ್ಯಾನ್ಸ್ಡ್' ಅಂತ ಕಾಮಾ ಇಲ್ಲದೆ ಬರೆದರೂ ನಡೆಯುತ್ತದೆ, ಎಡವುವ ಜಾಗವೇ ಅದರಲ್ಲಿಲ್ಲ. ಬ್ರಿಟಿಷರು ಇದರಲ್ಲಿ ಸ್ವಲ್ಪ ಧಾರಾಳ, ಅಮೆರಿಕದ ಕೈಪಿಡಿಗಳು ಬಿಗಿ.

ಈಗ ಓದಿದವರನ್ನೂ ಕೆಡವುವ ಪದಕ್ಕೆ ಬರೋಣ: 'ಹೌಎವರ್'. ಅರ್ಥ 'ಆದರೆ' ಅಂತಲೇ. ಹಾಗಾಗಿ 'ಬಟ್' ಇದ್ದ ಜಾಗದಲ್ಲಿ ಅದನ್ನು ಕೂರಿಸಿ 'ದಿ ಪ್ಲಾನ್ ವಾಸ್ ಗುಡ್, ಹೌಎವರ್, ಇಟ್ ಫೇಲ್ಡ್' ಅಂತ ಬರೆಯುತ್ತಾರೆ. ಆದರೆ ಅದು ಫ್ಯಾನ್‌ಬಾಯ್ಸ್ ಗುಂಪಿನ ಪದ ಅಲ್ಲ. ಎರಡು ವಾಕ್ಯಗಳನ್ನು ಹಿಡಿದು ನಿಲ್ಲಿಸುವ ಕೊಂಡಿಯಲ್ಲ, ಒಂದೇ ವಾಕ್ಯದ ಒಳಗೆ ಓಡಾಡುವ ಪದ. ಓಡಾಡಿಸಿ ನೋಡಿ. 'ಹೌಎವರ್, ಇಟ್ ಫೇಲ್ಡ್' ಸರಿ. 'ಇಟ್, ಹೌಎವರ್, ಫೇಲ್ಡ್' ಸರಿ. 'ಇಟ್ ಫೇಲ್ಡ್, ಹೌಎವರ್' ಅದೂ ಸರಿ. 'ಬಟ್' ಪದವನ್ನು ಹೀಗೆ ಕದಲಿಸಿ ನೋಡಿ. 'ಇಟ್ ಬಟ್ ಫೇಲ್ಡ್' ಅಂದರೆ ಅರ್ಥವೇ ಕೆಡುತ್ತದೆ. ಹೀಗೆ ಜಾಗ ಬದಲಿಸಬಲ್ಲ ಪದಕ್ಕೆ ಮುಂಚೆ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಬೇಕು, ಆಮೇಲೆ ಕಾಮಾ: 'ದಿ ಪ್ಲಾನ್ ವಾಸ್ ಗುಡ್; ಹೌಎವರ್, ಇಟ್ ಫೇಲ್ಡ್.' 'ದೇರ್‌ಫೋರ್', 'ಮೋರೋವರ್', 'ಅದರ್‌ವೈಸ್' ಕೂಡ ಇದೇ ಜಾತಿಯವು.

'ಬಿಕಾಸ್', 'ಇಫ್', 'ವೆನ್', 'ಆಲ್ದೋ' ಇವುಗಳದ್ದು ಬೇರೆ ದಾರಿ. ಇವು ವಾಕ್ಯದ ತಲೆಗೆ ಬಂದರೆ ಅದನ್ನು ಸ್ವತಂತ್ರವಾಗಿ ನಿಲ್ಲದಂತೆ ಮಾಡುತ್ತವೆ. 'ಶಿ ಕೇಮ್' ಪೂರ್ತಿ, 'ವೆನ್ ಶಿ ಕೇಮ್' ಅರ್ಧ. ಅಂಥ ಅರ್ಧ ಭಾಗ ಮೊದಲು ಬಂದರೆ ಅದರ ಕೊನೆಗೆ ಕಾಮಾ: 'ವೆನ್ ಶಿ ಕೇಮ್, ವಿ ಲೆಫ್ಟ್.' ಹಿಂದೆ ಬಂದರೆ ಸಾಮಾನ್ಯವಾಗಿ ಬೇಡ: 'ವಿ ಲೆಫ್ಟ್ ವೆನ್ ಶಿ ಕೇಮ್.' ಇವು ಮಿಶ್ರ ವಾಕ್ಯದ ಲೆಕ್ಕಕ್ಕೆ ಸೇರುವುದರಿಂದ ಇಲ್ಲಿ ಇಷ್ಟು ಸಾಕು. 'ನಾಟ್' ಜೊತೆ 'ಬಿಕಾಸ್' ಬಂದಾಗ ಮಾತ್ರ ನಿಲ್ಲಿ. 'ಐ ಡಿಡ್ ನಾಟ್ ಲೀವ್, ಬಿಕಾಸ್ ಶಿ ಕೇಮ್' ಅಂದರೆ ನಾನು ಹೊರಡಲಿಲ್ಲ, ಕಾರಣ ಅವಳು ಬಂದಳು. ಕಾಮಾ ತೆಗೆದರೆ 'ನಾನು ಹೊರಟಿದ್ದು ಅವಳು ಬಂದಳು ಅಂತ ಅಲ್ಲ, ಬೇರೆ ಕಾರಣಕ್ಕೆ' ಅಂತಲೂ ಓದಬಹುದು. ಹೊರಟೆನೋ ಇಲ್ಲವೋ ಅನ್ನುವುದೇ ಒಂದು ಕಾಮಾದ ಮೇಲೆ ನಿಂತಿದೆ.

ಕಾಮಾ ಇಷ್ಟೆಲ್ಲ ಭಾರ ಹೊರುತ್ತದಾ ಅನಿಸಿದರೆ ಕೆನಡಾದಲ್ಲಿ ನಡೆದದ್ದು ನೋಡಿ. ರೋಜರ್ಸ್ ಅನ್ನುವ ಕಂಪನಿ ಕೇಬಲ್ ಎಳೆಯಲು ಕಂಬಗಳನ್ನು ಬಳಸುವ ಬಗ್ಗೆ ಏಲಿಯಂಟ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಒಪ್ಪಂದ ಮೊದಲು ಐದು ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷ ಮುಂದುವರಿಯುತ್ತದೆ, ಒಂದು ವರ್ಷ ಮುಂಚೆ ನೋಟಿಸ್ ಕೊಟ್ಟು ನಿಲ್ಲಿಸದಿದ್ದರೆ, ಅನ್ನುವುದು ಷರತ್ತು. 'ಅನ್ಲೆಸ್' ಪದದ ಮುಂಚೆ ಒಂದು ಕಾಮಾ ಇತ್ತು. ಮೊದಲ ಐದು ವರ್ಷ ಗಟ್ಟಿ ಅಂತ ರೋಜರ್ಸ್ ತಿಳಿದಿತ್ತು. 2006ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ ಆ ಕಾಮಾವನ್ನೇ ಎತ್ತಿ ತೋರಿಸಿತು. ಅದು ಇರುವುದರಿಂದ ನೋಟಿಸಿನ ಷರತ್ತು ಮೊದಲ ಐದು ವರ್ಷಕ್ಕೂ ಅನ್ವಯಿಸುತ್ತದೆ ಅಂದಿತು. ಲಕ್ಷಗಟ್ಟಲೆ ಡಾಲರ್‌ಗಳ ಪ್ರಶ್ನೆ ಅದು. ಕೊನೆಗೆ 2007ರಲ್ಲಿ ಒಪ್ಪಂದದ ಫ್ರೆಂಚ್ ಪ್ರತಿಯನ್ನು ತೆಗೆದು ಓದಿದರು. ಅದರಲ್ಲಿ ಈ ಗೊಂದಲ ಇರಲಿಲ್ಲ. ತೀರ್ಮಾನ ತಿರುಗಿತು.

ಬೆರಳಿಡುವ ಪರೀಕ್ಷೆಯನ್ನು ಮುರಿಯಬೇಕಾದ ಜಾಗವೂ ಒಂದಿದೆ. 'ಶಿ ಸಾ ದಿ ಮ್ಯಾನ್ ಹೂ ಸ್ಟೋಲ್ ದಿ ಬ್ಯಾಗ್ ಆ್ಯಂಡ್ ಶೌಟೆಡ್.' ಕೂಗಿದ್ದು ಯಾರು, ಅವಳಾ, ಕಳ್ಳನಾ? ಕರ್ತೃ ಒಂದೇ, ನಿಯಮದ ಪ್ರಕಾರ ಕಾಮಾ ಬೇಡ. ಆದರೆ 'ಬ್ಯಾಗ್' ಆದ ಮೇಲೆ ಕಾಮಾ ಇಟ್ಟರೆ ಕೂಗಿದ್ದು ಅವಳೇ ಅಂತ ತಿಳಿಯುತ್ತದೆ. ಇಡಿ. ನಿಯಮ ಇರುವುದೇ ಓದುವವರು ಎಡವದಿರಲಿ ಅಂತ.

ಕೊನೆಗೆ ನನ್ನ ಮೇಜಿಗೆ ಬರುವಂಥ ಒಂದು ಈಮೇಲ್ ತಿದ್ದಿಬಿಡೋಣ, ನೀವೂ ಜೊತೆಗೆ ಬೆರಳಿಡಿ. 'ಐ ಫಿನಿಶ್ಡ್ ದಿ ರಿಪೋರ್ಟ್ ಲಾಸ್ಟ್ ನೈಟ್, ಆ್ಯಂಡ್ ಸೆಂಟ್ ಇಟ್ ಟು ಯು. ದಿ ಫೈಲ್ ವಾಸ್ ಟೂ ಬಿಗ್, ಇಟ್ ಡಿಡ್ ನಾಟ್ ಗೋ ಥ್ರೂ. ಐ ಕ್ಯಾನ್ ಸೆಂಡ್ ಇಟ್ ಅಗೇನ್ ಬಟ್, ಐ ನೀಡ್ ಎ ಡೇ. ದಿ ಮ್ಯಾನೇಜರ್ ಹ್ಯಾಸ್ ಸೀನ್ ಇಟ್, ಹೌಎವರ್, ಹಿ ಹ್ಯಾಸ್ ನಾಟ್ ಸೈನ್ಡ್ ಇಟ್.'

ಮೊದಲನೆಯದರಲ್ಲಿ 'ಸೆಂಟ್ ಇಟ್ ಟು ಯು' ಒಂಟಿಯಾಗಿ ನಿಲ್ಲುವುದಿಲ್ಲ. ಕನ್ನಡದಲ್ಲಾದರೆ 'ಮುಗಿಸಿ ಕಳಿಸಿದೆ' ಅಂತೀವಿ. ಕಾಮಾ ತೆಗೆಯಿರಿ. ಎರಡನೆಯದು ಸ್ಪ್ಲೈಸ್. ಫೈಲ್ ದೊಡ್ಡದಿತ್ತು, ಹಾಗಾಗಿ ಹೋಗಲಿಲ್ಲ. ಕಾಮಾ ಇರಲಿ, ಪಕ್ಕದಲ್ಲಿ 'ಸೋ' ಸೇರಿಸಿ. ಮೂರನೆಯದರಲ್ಲಿ ಕಾಮಾವನ್ನು 'ಬಟ್' ಪದದ ಹಿಂದಿನಿಂದ ಮುಂದಕ್ಕೆ ತನ್ನಿ. ನಾಲ್ಕನೆಯದರಲ್ಲಿ 'ಹೌಎವರ್' ಮುಂಚಿನ ಕಾಮಾ ಸೆಮಿಕೋಲನ್ ಆಗಲಿ, ಆಮೇಲಿನದು ಹಾಗೇ ಇರಲಿ. ಈಗ ಕಳಿಸಬಹುದು: 'ಐ ಫಿನಿಶ್ಡ್ ದಿ ರಿಪೋರ್ಟ್ ಲಾಸ್ಟ್ ನೈಟ್ ಆ್ಯಂಡ್ ಸೆಂಟ್ ಇಟ್ ಟು ಯು. ದಿ ಫೈಲ್ ವಾಸ್ ಟೂ ಬಿಗ್, ಸೋ ಇಟ್ ಡಿಡ್ ನಾಟ್ ಗೋ ಥ್ರೂ. ಐ ಕ್ಯಾನ್ ಸೆಂಡ್ ಇಟ್ ಅಗೇನ್, ಬಟ್ ಐ ನೀಡ್ ಎ ಡೇ. ದಿ ಮ್ಯಾನೇಜರ್ ಹ್ಯಾಸ್ ಸೀನ್ ಇಟ್; ಹೌಎವರ್, ಹಿ ಹ್ಯಾಸ್ ನಾಟ್ ಸೈನ್ಡ್ ಇಟ್.'